ಗೋಡೆಯ ಮೇಲೆ ಹೊರಿಸಿದ್ದು

ನಾನು ನೋಡಿದ್ದೆ. ಮಗುವಿನ ಮೈ ಹಳದಿಯಾಗಿದೆ ಎಂಬುದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು, ಹಗಲು ಬೆಳಕಿನಲ್ಲಿ, ನನ್ನ ಎರಡು ಕಣ್ಣುಗಳಿಂದಲೇ ನೋಡಿದ್ದೆ. ನೋಡಿಯೂ ಮಗಳ ಹತ್ತಿರ ಹೋಗಿ, ಅದು ಗೋಡೆಯ ಬಣ್ಣ ಎಂದು ಸುಳ್ಳು ಹೇಳಿದೆ.

ಈ ಐದು ವರ್ಷಗಳಲ್ಲಿ ಈ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ದೇವರ ಮುಂದೆ ಕೂಡ ಹೇಳಿಲ್ಲ — ಕೈ ಮುಗಿದು ನಿಂತು ಬೇರೆ ಏನೇನೋ ಕೇಳಿಕೊಂಡು ಬಂದಿದ್ದೇನೆ. ನಮ್ಮವರೆಲ್ಲ ನಂಬಿರುವ ಕತೆ ಬೇರೆ. ಬಾಣಂತಿ ಕೋಣೆಗೆ ಬಳಿದಿದ್ದ ಕ್ರೀಮ್ ಬಣ್ಣದಿಂದಾಗಿ ಮಗುವಿನ ಕಾಮಾಲೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಆ ಕತೆ. ನನ್ನ ಒಬ್ಬಳೇ ಮಗಳು ಸ್ಮಿತಾ ಅದನ್ನೇ ನಂಬಿದ್ದಾಳೆ. ನಂಬಿ ಸುಮ್ಮನಿದ್ದಿದ್ದರೆ ನಾನೂ ಹೇಗೋ ಇದ್ದುಬಿಡುತ್ತಿದ್ದೆನೋ ಏನೋ — ಅವಳು ಹಾಗಿಲ್ಲ. ಗೋಡೆ ಮೋಸ ಮಾಡಿತು ಸರಿ, ಹೆತ್ತ ನನಗಾದರೂ ಗೊತ್ತಾಗಬೇಡವೇ ಎಂದು ತನ್ನನ್ನೇ ಬೈದುಕೊಂಡು ಅಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತೇನೆ. ಎಂಥ ಹೆಂಗಸು ನಾನು!

ಭದ್ರಾವತಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ — ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗ್, ಫಾಲ್ಸ್ ಮಾರುವ ಕಿರಿದಾದ ಅಂಗಡಿ. ನಮ್ಮ ಮನೆಯವರು ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಹೊತ್ತು ಹೋಗಲಿ ಎಂದು ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಅದೇ ನನ್ನ ಬದುಕಾಯಿತು. ಕ್ವಾರ್ಟರ್ಸಿನ ತಮಿಳು, ತೆಲುಗು ಹೆಂಗಸರೆಲ್ಲ ನನ್ನ ಗಿರಾಕಿಗಳು. ಬಿಳಿ ಎಂದರೆ ಲೋಕಕ್ಕೆಲ್ಲ ಒಂದೇ ಬಿಳಿ. ನನಗೆ ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ಹಾಫ್‌ವೈಟ್ ಬೇರೆ, ಕೋರಾ ಬೇರೆ. ಕ್ರೀಮ್ ಒಂದಕ್ಕೇ ನನ್ನ ಕಪಾಟಿನಲ್ಲಿ ಒಂದು ಪೂರ್ತಿ ಸಾಲು. ಅಂಗಡಿಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು, "ಟ್ಯೂಬ್‌ಲೈಟ್ ಕೆಳಗೆ ನೋಡ್ಬೇಡ್ರೀ, ಬಾಗಿಲಿಗೆ ಬನ್ನಿ." ಒಳಗೆ ಅವಳಿ ಮಕ್ಕಳಂತೆ ಕಾಣುವ ಎರಡು ತುಂಡು ಬಟ್ಟೆ ಬೀದಿಯ ಬೆಳಕಿಗೆ ಹಿಡಿದರೆ ಬೇರೆ ಬೇರೆ ಆಗಿಬಿಡುತ್ತವೆ. "ಸರೋಜಮ್ಮನ ಕಣ್ಣು ಅಂದ್ರೆ ಕಣ್ಣು" ಎಂದು ಜನ ಹೊಗಳುವಾಗ, ಅಯ್ಯೋ ಅದೇನು ದೊಡ್ಡದು ಎನ್ನುತ್ತ ಒಳಗೊಳಗೇ ಉಬ್ಬುತ್ತಿದ್ದೆ. ಆ ಜಂಬವನ್ನೂ ಇಲ್ಲಿ ಹೇಳಬೇಕು, ಮುಂದಿನದರಲ್ಲೆಲ್ಲ ಅದಕ್ಕೂ ಪಾಲಿದೆ.

ಸ್ಮಿತಾಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದೇನೆ, ರವೀಂದ್ರನಗರದ ಮನೆ. ಅಳಿಯ ಒಳ್ಳೆಯವನು. ಬೀಗಿತ್ತಿ ವಿಶಾಲಾಕ್ಷಮ್ಮ ಮಾತ್ರ — ಈಗ ಆಕೆಯನ್ನು ಕೆಟ್ಟವಳು ಎನ್ನುವ ಯೋಗ್ಯತೆ ನನಗಿಲ್ಲ — ನಗುನಗುತ್ತಲೇ ಚುಚ್ಚುವ ಹೆಂಗಸು. ಮಗಳು ಮೊದಲ ಸಲ ಬಸುರಿಯಾದಾಗ ಸೀಮಂತದ ದಿನ, ಎಲೆ ಮುಂದೆ ಕೂತ ಅಷ್ಟು ಜನರ ಎದುರಿಗೆ, "ಬಾಣಂತನ ನಮ್ಮಲ್ಲೇ ಆಗ್ಲಿ ಬಿಡಿ ಸರೋಜಮ್ಮ. ನಿಮ್ದು ಹಳೇ ಮನೆ, ಗೋಡೆ ಎಲ್ಲ ಥಂಡಿ. ಮೇಲಾಗಿ ನಿಮಗೆ ಅಂಗಡಿ ಬೇರೆ. ಮಗುಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲ ಬಾಣಂತನ ತವರಿನ ಹಕ್ಕು. ಬೀದಿಯಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಎಣ್ಣೆ-ನೀರು ಹಾಕಿದ ಕೈ ಇದು, ನನ್ನ ಸ್ವಂತ ಮಗಳದ್ದು ನನ್ನಿಂದ ಆಗುವುದಿಲ್ಲವೇ? ಅವತ್ತೇ ತೀರ್ಮಾನಿಸಿದೆ, ಬಾಣಂತನಕ್ಕೆ ನಮ್ಮ ಮುಂದಿನ ಕೋಣೆಯನ್ನು ಆಕೆ ಮೂಗಿನ ಮೇಲೆ ಬೆರಳಿಡುವ ಹಾಗೆ ಮಾಡಿಸಬೇಕು ಎಂದು.

ಗೋಡೆ ಕೆರೆದು, ಥಂಡಿಗೆ ಮದ್ದು ಹಚ್ಚಿ, ಪುಟ್ಟಿ ಹಾಕಿದ್ದಾಯಿತು. ಪೇಂಟರ್ ಸೆಲ್ವಂ ಎರಡು ಬಣ್ಣವನ್ನು ಗೋಡೆಯ ಮೇಲೆ ಅಕ್ಕಪಕ್ಕ ಅಂಗೈಯಗಲ ಬಳಿದು ಕರೆದ. ಎರಡೂ ಬಿಳಿಯೇ. ಟ್ಯೂಬ್‌ಲೈಟಿನಲ್ಲಿ ದೇವರಾಣೆಗೂ ವ್ಯತ್ಯಾಸವಿಲ್ಲ. "ಎರಡೂ ಒಂದೇ ತಾನಮ್ಮಾ," ಎಂದು ಸೆಲ್ವಂ ಬೀಡಿ ಕಿವಿಗೆ ಸಿಕ್ಕಿಸಿಕೊಂಡ. "ಯಾವ್ದಾನಾ ಒಂದು ಹೇಳಮ್ಮ, ಊಟಕ್ಕೆ ಮುಂಚೆ ಒಂದು ಕೋಟು ಮುಗಿಸಿಬಿಡ್ತೀನಿ."

ನಾನು ಕಿಟಕಿ ಪೂರ್ತಿ ತೆರೆಸಿ ನೋಡಿದೆ. ಎಡಗಡೆಯದರಲ್ಲಿ ನೀಲಿಯ ಒಂದು ಎಳೆ. ಬಲಗಡೆಯದರಲ್ಲಿ ಒಂದು ಹನಿ ಹಳದಿ, ಅಷ್ಟೇ. ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಸ್ಮಿತಾ, "ಎಡಗಡೇದೇ ಇರ್ಲಿ ಅಮ್ಮಾ. ಇನ್ನೊಂದ್ರಲ್ಲಿ ಎಲ್ಲಾ ಹಳದಿ ಹಳದಿ ಕಾಣುತ್ತೆ," ಎಂದಳು.

"ಹಳದಿ ಅಲ್ಲ ಮಾರಾಯ್ತಿ, ಅದು ಕಳೆ. ಶಂಕರಘಟ್ಟದಲ್ಲಿ ಎಂಎಸ್ಸಿ ಮಾಡಿದ್ರೆ ಬಣ್ಣ ಗೊತ್ತಾಗಿಬಿಡುತ್ತಾ? ನಿಂಗೆ ಕಂಡಿದ್ದು ಬರೀ ಟ್ಯೂಬ್‌ಲೈಟ್."

ಅವಳಿಗೆ ಸರಿಯಾಗಿಯೇ ಕಂಡಿತ್ತು. ನನಗೂ ಅದೇ ಕಂಡಿತ್ತು. ನಾನು ಆ ಬಣ್ಣವನ್ನು ಆರಿಸಿದ್ದೇ ಆ ಹಳದಿ ಹನಿಗಾಗಿ. ಕಪ್ಪಗಿರುವ ಮದುವಣಗಿತ್ತಿಗೆ ನಾನು ಯಾವತ್ತೂ ಹಾಲು ಬಿಳಿ ರವಿಕೆ ಕೊಡುವುದಿಲ್ಲ, ಕ್ರೀಮ್ ಕೊಡುತ್ತೇನೆ. ಕ್ರೀಮಿನ ಪಕ್ಕದಲ್ಲಿ ಮೈಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ. ಬೀಗಿತ್ತಿ ಬಂದು ನೋಡಿದಾಗ ಬಾಣಂತಿ ಮತ್ತು ಕೂಸು ಬಂಗಾರದಂತೆ ಕಾಣಬೇಕು — ನನ್ನ ಲೆಕ್ಕ ಅದಾಗಿತ್ತು. ಸೆಲ್ವಂ ಬಲಗಡೆಯ ಡಬ್ಬದ ಮುಚ್ಚಳ ತೆಗೆದ.

ಹೆರಿಗೆ ಭದ್ರಾವತಿಯಲ್ಲೇ, ಒಂದು ನರ್ಸಿಂಗ್ ಹೋಮಿನಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಮನೆಗೆ ಕಳಿಸುವಾಗ ಡಾಕ್ಟರ್, ಎರಡು ದಿನ ಬಿಟ್ಟು ಮಗುವನ್ನು ಒಂದು ಸಲ ತೋರಿಸಿಕೊಂಡು ಹೋಗಿ ಎಂದಿದ್ದರು. ನಾನು ತಲೆ ಆಡಿಸಿ ಬಂದೆ. ಹಸಿ ಬಾಣಂತಿಯನ್ನು, ಪುರುಡು ಕಳೆಯದ ಕೂಸನ್ನು ಗಾಳಿಗೆ ಒಯ್ಯುವುದು ನಮ್ಮ ಕಡೆ ಉಂಟೇ? ಕೋಣೆಯ ಕಿಟಕಿ ಮುಚ್ಚಿ ಪರದೆ ಎಳೆದೆ, ಸಾಂಬ್ರಾಣಿ ಹಾಕಿದೆ, ಒಂದು ಹಳದಿ ಬಲ್ಬು ಉರಿಸಿಟ್ಟೆ. ಕೋಣೆ ನಿಜವಾಗಿಯೂ ಚೆಂದ ಕಾಣುತ್ತಿತ್ತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಬಟ್ಟೆಯಲ್ಲಿ ಸುತ್ತಿ, ಮೈ ಆರಲಿ ಎಂದು ಹಿತ್ತಲ ಬಾಗಿಲಿಗೆ ತಂದೆ. ಎಳೆಬಿಸಿಲಿತ್ತು. ಮುಖ ನೋಡಿದೆ — ಹಳದಿ.

ಮೂಗಿನ ತುದಿ, ಹಣೆ, ಕೆನ್ನೆ. ಬಟ್ಟೆ ಸರಿಸಿ ಎದೆ ನೋಡಿದೆ. ಮೆತ್ತಗೆ ಬೆರಳಿನಿಂದ ಒತ್ತಿ ತೆಗೆದೆ. ಒತ್ತಿದ ಜಾಗ ಬೆಳ್ಳಗಾಗಬೇಕು, ಅದು ಹಳದಿಯಾಗಿಯೇ ಉಳಿಯಿತು. ನನ್ನ ಕಣ್ಣನ್ನೇ ನಂಬದೆ ಮಗು ಸುತ್ತಿದ್ದ ಬಿಳಿ ಪಂಚೆಯ ಅಂಚನ್ನು ಕೆನ್ನೆಯ ಪಕ್ಕ ಹಿಡಿದೆ, ಅಂಗಡಿಯಲ್ಲಿ ಹಿಡಿಯುವ ಹಾಗೆ. ಎರಡನೆಯ ಮಾತಿಗೆ ಎಡೆಯೇ ಇರಲಿಲ್ಲ. ಅಲ್ಲಿ ಗೋಡೆ ಇರಲಿಲ್ಲ, ಬಲ್ಬು ಇರಲಿಲ್ಲ. ಹಗಲಿತ್ತು, ನಾನಿದ್ದೆ, ಮಗುವಿತ್ತು.

ಆಗ ನನಗೆ ಹುಟ್ಟಿದ್ದು ಮಗುವಿನ ಬಗೆಗಿನ ಭಯ ಎಂದು ಬರೆಯಲು ಆಸೆಯಾಗುತ್ತದೆ. ಅಲ್ಲ. ಮೊದಲು ಹುಟ್ಟಿದ್ದು ವಿಶಾಲಾಕ್ಷಮ್ಮನ ಭಯ. ಆಕೆ ನಾಡಿದ್ದು ಬರುವವರಿದ್ದರು. ಆಸ್ಪತ್ರೆಗೆ ಸೇರಿಸಿದರೆ ಆಕೆಗೆ ಇಲ್ಲಿಗೆ ಬರುವ ಪ್ರಮೇಯವೇ ಇಲ್ಲ, ನೇರ ಆಸ್ಪತ್ರೆಗೆ ಬಂದು, "ನಾನು ಅವತ್ತೇ ಹೇಳ್ಲಿಲ್ವಾ?" ಎನ್ನುತ್ತಾರೆ, ಅಲ್ಲಿಂದಲೇ ಬಾಣಂತಿ, ಕೂಸು ಇಬ್ಬರನ್ನೂ ರವೀಂದ್ರನಗರಕ್ಕೆ ಕರೆದುಕೊಂಡು ಹೋಗುತ್ತಾರೆ, ನಾನು ಖಾಲಿ ಕೈಯಲ್ಲಿ ಈ ಹೊಸ ಕೋಣೆಗೆ ವಾಪಸು ಬರುತ್ತೇನೆ — ಇಷ್ಟೂ ಒಂದೇ ಉಸಿರಿನಲ್ಲಿ ಕಣ್ಣಮುಂದೆ ಬಂತು. ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಬೆಳಗಿನ ಬಿಸಿಲಿಗೆ ಹಿಡಿದರೆ ಇಳಿಯುತ್ತದೆ, ಆಕೆ ಬಂದು ಹೋಗಲಿ, ಆಮೇಲೆ... ಎಂದುಕೊಂಡೆ. ಎಷ್ಟೋ ಮಕ್ಕಳಿಗೆ ಇಳಿಯುವುದು ನಿಜ. ಇದಕ್ಕೂ ಇಳಿಯುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಮಗುವನ್ನು ಒಳಗೆ ತಂದು ಮಲಗಿಸಿದೆ. ಸ್ಮಿತಾ ಒಂದು ಕೈ ಊರಿಕೊಂಡು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಅಮ್ಮಾ, ಪಾಪು ಹಳದಿ ಕಾಣ್ತಿದಾಳಲ್ವಾ?"

"ಗೋಡೆ ಬಣ್ಣ ಕಣೇ ಅದು. ಬಲ್ಬು ಬೇರೆ ಹಳದಿ. ಇಷ್ಟು ವರ್ಷ ಬಣ್ಣ ನೋಡಿದ ಕಣ್ಣು ನಂದು, ನಂಗೆ ಹೇಳ್ತೀಯಾ? ಸುಮ್ನೆ ಮಲ್ಕೋ."

ಅವಳು ಮಲಗಿದಳು. ನನ್ನ ಕಣ್ಣಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಚಿಕ್ಕಂದಿನಿಂದ ಅವಳ ರಿಬ್ಬನ್ನು, ಲಂಗ, ಮದುವೆ ಸೀರೆ, ಎಲ್ಲಕ್ಕೂ ಕೊನೆಯ ಮಾತು ನನ್ನದೇ ಆಗಿತ್ತು.

ಮರುದಿನ ಮತ್ತೆ ಕೇಳಿದಳು. ಈ ಸಲ ಸ್ವಲ್ಪ ಅಂಜುತ್ತಲೇ ಕೇಳಿದಳು, ಎಲ್ಲಿ ಅಮ್ಮ ರೇಗುತ್ತಾಳೋ ಎಂದು. ನಾನು ರೇಗಿದೆ. ಭಯ ಹೆಚ್ಚಾದಷ್ಟೂ ನನ್ನ ದನಿ ಜೋರಾಗುತ್ತಿತ್ತು. ಬೆಳಿಗ್ಗೆ ಬಿಸಿಲಿಗೆ ಹಿಡಿದಾಗ ಹಳದಿ ಹೊಟ್ಟೆಯ ತನಕ ಹಬ್ಬಿದ್ದನ್ನು ಕಂಡಿದ್ದೆ. ಮಗು ಹಾಲಿಗೆ ಬಾಯಿ ಹಾಕಿ ಎರಡು ಗುಟುಕಿಗೇ ನಿದ್ದೆ ಹೋಗುತ್ತಿತ್ತು. ಎಷ್ಟು ಸಾಧು ಮಗು ನೋಡು ಎಂದು ನಾನೇ ಹೊಗಳಿದೆ. ಹೊಗಳಿ ಅಡುಗೆಮನೆಗೆ ಹೋಗಿ ಒಲೆಯ ಕಟ್ಟೆ ಹಿಡಿದು ನಿಂತುಕೊಂಡೆ. ಆಗಲಾದರೂ ಹೇಳಬಹುದಿತ್ತು. ಆಟೋ ಸ್ಟ್ಯಾಂಡ್ ನಮ್ಮ ಬೀದಿಯ ತಿರುವಿನಲ್ಲೇ ಇದೆ. ಆದರೆ ನಿನ್ನೆ ಇಲ್ಲ ಎಂದವಳು ಇವತ್ತು ಹೌದು ಎನ್ನುವುದು ಹೇಗೆ — ಸುಳ್ಳಿನ ಪಜೀತಿಯೇ ಇದು, ಒಂದು ದಿನ ಕಳೆದರೆ ಅದಕ್ಕೆ ಕಾವಲು ಕೂರಬೇಕಾಗುತ್ತದೆ.

ವಿಶಾಲಾಕ್ಷಮ್ಮ ಬಂದರು. ಕೋಣೆಯನ್ನು ಒಂದು ಸುತ್ತು ನೋಡಿದರು, ಗೋಡೆಗೆ ಅಂಗೈ ಇಟ್ಟು ಥಂಡಿ ಇದೆಯೋ ಎಂದು ನೋಡಿದರು. ಆಮೇಲೆ ತೊಟ್ಟಿಲ ಕಡೆ ಬಗ್ಗಿ, "ಅಬ್ಬಾ, ಚಿನ್ನದಂಥ ಬಣ್ಣ ಬಂದಿದೆಯಲ್ರೀ ಮಗುಗೆ! ರೂಮೂ ಚೆನ್ನಾಗ್ ಮಾಡ್ಸಿದೀರಿ," ಎಂದರು.

ನಾನು ಬಯಸಿದ್ದ ಮಾತು ಅಕ್ಷರಕ್ಕೆ ಅಕ್ಷರ ಅದೇ. ನಾನು ಗೆದ್ದಿದ್ದೆ. ಕಾಫಿ ತರುತ್ತೇನೆ ಎಂದು ಎದ್ದೆ, ಲೋಟಕ್ಕೆ ಸುರಿದದ್ದು ಅರ್ಧ ನೆಲಕ್ಕೆ ಹೋಯಿತು.

ಅವರ ಕಾರು ಬೀದಿ ದಾಟಿತೋ ಇಲ್ಲವೋ, ಮಗು ಅತ್ತಿತು. ಅದು ಮಗುವಿನ ಅಳುವಿನ ಹಾಗಿರಲಿಲ್ಲ. ತೆಳ್ಳಗೆ, ಚೂಪಾಗಿ, ಕೀರಲು ದನಿ. ಅಳುತ್ತ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸುತ್ತಿತ್ತು. ಸ್ಮಿತಾ ಎದೆಗೆ ಹಿಡಿದರೆ ಬಾಯಿ ತೆರೆಯಲಿಲ್ಲ. "ಅಮ್ಮಾ... ಅಮ್ಮಾ ಏನೋ ಆಗ್ತಿದೆ," ಎಂದಳು. ಪುರುಡೂ ಇಲ್ಲ, ಗಾಳಿಯೂ ಇಲ್ಲ, ಬರಿಗಾಲಲ್ಲಿ ಓಡಿದೆವು. ನರ್ಸಿಂಗ್ ಹೋಮಿನವರು ಮಗುವಿನ ಬಟ್ಟೆ ಸರಿಸಿ ನೋಡಿದವರೇ, ಇಲ್ಲಿ ಆಗುವುದಿಲ್ಲ, ಈಗಿಂದೀಗಲೇ ಶಿವಮೊಗ್ಗಕ್ಕೆ ಹೊರಡಿ ಎಂದರು.

ಬಾಡಿಗೆ ಕಾರು. ಮಟಮಟ ಮಧ್ಯಾಹ್ನ. ಕಿಟಕಿಯಿಂದ ಬಿಸಿಲು ನೇರವಾಗಿ ಮಗಳ ಮಡಿಲಿಗೆ ಬೀಳುತ್ತಿತ್ತು. ಸ್ಮಿತಾ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿದಳು — ಹುಟ್ಟಿದಂದಿನಿಂದ ಅವಳು ಮಗುವನ್ನು ಸರಿಯಾದ ಹಗಲಿನಲ್ಲಿ ನೋಡಿದ್ದು ಅದೇ ಮೊದಲು ಇರಬೇಕು.

"ಇಲ್ಲಿ ಗೋಡೆ ಇಲ್ವಲ್ಲಮ್ಮಾ."

ಇನ್ನು ಮುಗಿಯಿತು, ಇವಳಿಗೆ ತಿಳಿಯಿತು ಎಂದುಕೊಂಡೆ. ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ನನ್ನ ಕಡೆ ತಿರುಗಿದಳು, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಆ ಹಾಳು ಗೋಡೆ ನಿನ್ನ ಕಣ್ಣಿಗೂ ಮೋಸ ಮಾಡ್ತಲ್ಲಮ್ಮಾ," ಎಂದಳು.

ನಾನು "ಹೂಂ" ಎಂದೆ.

ಮೊದಲನೆಯ ಸುಳ್ಳನ್ನು ಜಂಬಕ್ಕೆ ಹೇಳಿದ್ದೆ. ಇದನ್ನು ಬರೀ ಹೆದರಿಕೆಗೆ ಹೇಳಿದೆ. ಮಗಳು ತಾನಾಗಿ ಒಂದು ಬಾಗಿಲು ತೆರೆದುಕೊಟ್ಟಳು, ನಾನು ಕಳ್ಳಿಯ ಹಾಗೆ ನುಸುಳಿಕೊಂಡೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವಾಗಿಂದ ಹೀಗಿದೆ?" ಸ್ಮಿತಾ ನನ್ನ ಮುಖ ನೋಡಿದಳು. "ಇವತ್ತೇ ಗಮನಕ್ಕೆ ಬಂದಿದ್ದು ಸಾರ್," ಎಂದೆ ನಾನು. ಡಾಕ್ಟರಿಗೂ ಸುಳ್ಳು ಹೇಳಿದೆ! ತಾಯಿಯ ರಕ್ತದ ಗುಂಪಿಗೂ ಮಗುವಿನದಕ್ಕೂ ಹೊಂದಿಕೆಯಿಲ್ಲ, ಹಾಗಾದಾಗ ಕಾಮಾಲೆ ಬಲು ಬೇಗ ಏರುತ್ತದೆ, ಮಗುವಿನ ರಕ್ತವನ್ನೇ ಬದಲಾಯಿಸಬೇಕು ಎಂದು ಅವರು ಅಳಿಯನಿಗೆ ವಿವರಿಸಿದರು. ಕೊನೆಗೆ, "ಎರಡು ದಿನ ಮುಂಚೆ ಬಂದಿದ್ರೆ ಬರೀ ಲೈಟಲ್ಲಿ..." ಎಂದವರು ನಮ್ಮೆಲ್ಲರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಆ ಅರ್ಧ ಮಾತನ್ನು ಪೂರ್ತಿ ಮಾಡಬಲ್ಲವಳು ಆ ವರಾಂಡದಲ್ಲಿ ನಾನೊಬ್ಬಳೇ. ಎರಡು ದಿನ ಮುಂಚೆ ಮಗು ನನ್ನ ಕೈಯಲ್ಲಿ, ಹಿತ್ತಲ ಬಾಗಿಲಲ್ಲಿ ಇತ್ತು.

ಗಾಜಿನ ಆಚೆ ನೀಲಿ ದೀಪಗಳ ಕೆಳಗೆ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ದರು. ಹೊಕ್ಕುಳಿಗೆ ನಳಿಗೆ. ನಾನು ನೋಡಲಾರದೆ ನೋಡುತ್ತ ನಿಂತಿದ್ದೆ. ಮಗು ಸತ್ತರೆ ನಾನು ಕೊಂದಂತೆ — ಈ ಮಾತು ತಲೆಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಆದರೂ ನೋಡಿ, ಅದರ ಬೆನ್ನಿಗೇ ಇನ್ನೊಂದು ಮಾತು: ಯಾರಿಗೂ ಗೊತ್ತಾಗದಿರಲಿ ದೇವರೇ. ಮಗು ಉಳಿಯಲಿ ಎಂದೂ ಬೇಡಿದೆ, ಗುಟ್ಟು ಉಳಿಯಲಿ ಎಂದೂ ಬೇಡಿದೆ. ಎರಡನ್ನೂ ಒಂದೇ ಬಾಯಲ್ಲಿ ಬೇಡಿದೆ.

ಎರಡೂ ಉಳಿದವು.

ಮಗುವಿಗೆ ಆದ್ಯಾ ಎಂದು ಹೆಸರಿಟ್ಟರು. ಕಿವಿಯ ಪರೀಕ್ಷೆ ಮಾಡಿಸಬೇಕು, ಇಂಥ ಕಾಮಾಲೆಯಲ್ಲಿ ಕಿವಿಗೆ ಪೆಟ್ಟಾಗುವುದುಂಟು ಎಂದು ಡಾಕ್ಟರ್ ತಾರೀಕು ಕೊಟ್ಟಿದ್ದರು. ಆ ತಾರೀಕಿಗೂ ಮುಂಚೆ ಒಂದು ದಿನ ಶಿವಮೊಗ್ಗದ ಮನೆಯಲ್ಲಿ ನನ್ನ ಕೈಯಿಂದ ಸ್ಟೀಲಿನ ಪರಾತ ಜಾರಿ ಬಿತ್ತು. ಅಷ್ಟು ದೊಡ್ಡ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಚಾಪೆಯ ಮೇಲಿದ್ದ ಆದ್ಯಾ ಬೆಚ್ಚಲಿಲ್ಲ, ರೆಪ್ಪೆ ಕೂಡ ಅಲುಗಿಸಲಿಲ್ಲ, ತನ್ನ ಬೆರಳನ್ನು ತಾನೇ ನೋಡಿಕೊಂಡು ನಗುತ್ತಿದ್ದಳು. ಸ್ಮಿತಾ ಹೊರಗಿನಿಂದ, "ಏನಮ್ಮಾ ಬಿದ್ದಿದ್ದು?" ಎಂದು ಕೂಗಿದಳು. "ಪರಾತ," ಎಂದೆ. ಆವತ್ತೂ ಮೊದಲು ತಿಳಿದದ್ದು ನನಗೇ.

ಈಗ ಆದ್ಯಾಳಿಗೆ ಐದು. ಎರಡೂ ಕಿವಿಯ ಹಿಂದೆ ಮಷಿನ್ ಇದೆ. ಅದಿದ್ದೂ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಮಾತು ತಡವಾಗಿ ಬಂತು. ಬಲು ಚುರುಕು, ಬಲು ತಲೆಹರಟೆ. ನಾನು ಆಚೆ ಈಚೆ ತಿರುಗಿ ಮಾತಾಡಿದರೆ ಗದ್ದ ಹಿಡಿದು ತನ್ನ ಕಡೆ ಎಳೆದುಕೊಂಡು, "ಬಾಯಿ ತೋಸು ಅಜ್ಜಿ," ಎನ್ನುತ್ತಾಳೆ. ಶಾಲೆಯಲ್ಲಿ ಯಾವನೋ ಹುಡುಗ ಹಿಂದಿನಿಂದ ಕರೆದು ಕರೆದು ನಕ್ಕನೆಂದು ಒಂದು ದಿನ ಮಷಿನ್ ಕಿತ್ತು ಎಸೆದಳಂತೆ. ಸ್ಮಿತಾ ಫೋನಿನಲ್ಲಿ ಹೇಳಿ ಅತ್ತಳು. ನಾನು ಅಂಗಡಿಯ ಶಟರ್ ಎಳೆದು ಒಳಗೆ ಕೂತುಬಿಟ್ಟೆ.

ಆ ಕೋಣೆಯ ಕತೆ ಮಾತ್ರ ಊರು ತುಂಬ ಬೆಳೆಯಿತು. ಅಳಿಯ ಸಿಟ್ಟಿನಲ್ಲಿ ಸೆಲ್ವಂನನ್ನು ಕರೆಸಿ, ಬಣ್ಣಕ್ಕೆ ಹಳದಿ ಯಾಕೆ ಜಾಸ್ತಿ ಹಾಕಿದೆ ಎಂದು ಬೈದ. ಸೆಲ್ವಂ ನನ್ನ ಮುಖ ನೋಡಿ, "ಅಮ್ಮಾ ತಾನೇ ಸೆಲೆಕ್ಟ್ ಮಾಡಿದ್ದು..." ಎಂದ. ನಾನು ನೆಲ ನೋಡಿದೆ. ಅವನು ಮತ್ತೆ ನಮ್ಮ ಬೀದಿಯ ಕೆಲಸಕ್ಕೆ ಬರಲಿಲ್ಲ. ವಿಶಾಲಾಕ್ಷಮ್ಮ ಕಂಡಕಂಡವರಿಗೆಲ್ಲ ಬಾಣಂತಿ ಕೋಣೆಗೆ ಕ್ರೀಮ್ ಬಳಿಯಬೇಡಿ ಎಂದು ಹೇಳುತ್ತ ಬಂದರು. ಕಳೆದ ವರ್ಷ ಆಯನೂರಿನಿಂದ ಬಂದ ಒಬ್ಬ ಗಿರಾಕಿ, ನಾನು ಯಾರೆಂದು ತಿಳಿಯದೆ, ನನಗೇ ಬುದ್ಧಿ ಹೇಳಿದಳು: "ಬಾಣಂತಿ ರೂಮಿಗೆ ಕ್ರೀಮ್ ಬಣ್ಣ ಹೊಡಿಬಾರ್ದಂತೆ ಕಣ್ರೀ, ಭದ್ರಾವತಿ ಕಡೆ ಯಾರದೋ ಮಗು ಕಿವಿ ಹೋಯ್ತಂತೆ." ಹೌದಂತೆ ಎಂದೆ. ಬಟ್ಟೆ ಕತ್ತರಿಸುವಾಗ ಕತ್ತರಿ ಓರೆಯಾಗಿ ಹೋಯಿತು.

ಸ್ಮಿತಾಳ ಮನೆಯಲ್ಲಿ ಈಗ ಒಂದು ಚೂರು ಬಣ್ಣವಿಲ್ಲ. ಗೋಡೆ, ಬಾಗಿಲು, ಪರದೆ ಎಲ್ಲ ಬಿಳಿ, ಕಣ್ಣು ಕುಕ್ಕುವ ಬಿಳಿ. ಹಗಲಲ್ಲೂ ದೀಪ ಹಾಕಿರುತ್ತಾಳೆ. ಆದ್ಯಾಳ ನಾಲಿಗೆ, ಉಗುರು, ಕಣ್ಣಿನ ಬಿಳಿಯನ್ನು ದಿನಾ ಕಿಟಕಿಯ ಹತ್ತಿರ ಒಯ್ದು ನೋಡುತ್ತಾಳೆ, ನೋಡಿ ಗಂಡನಿಗೆ ತೋರಿಸುತ್ತಾಳೆ, ಅವನು ಏನಿಲ್ಲ ಎಂದರೆ ಅತ್ತೆಗೆ ತೋರಿಸುತ್ತಾಳೆ. ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆಯೇ ಹೋಗಿದೆ. ಕಿವಿ ಹೋದದ್ದು ಮಗುವಿನದು. ಮಗಳ ಕಣ್ಣನ್ನೂ ನಾನೇ ಕಿತ್ತುಕೊಂಡೆ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು.

ಈಗ ಅವಳು ಮತ್ತೆ ಬಸುರಿ. ಎಂಟನೆಯ ತಿಂಗಳು. ಈ ಸಲದ್ದು ಗಂಡನ ಮನೆಯಲ್ಲೇ ಆಗಬಹುದಿತ್ತು, ಅತ್ತೆಯೂ ಹೇಳಿದರಂತೆ. ಇವಳೇ ಹಟ ಹಿಡಿದಿದ್ದಾಳೆ, ಅಮ್ಮನ ಹತ್ತಿರವೇ ಹೋಗುತ್ತೇನೆ, ಅಮ್ಮನಿಗೆ ಆಗಿರುವ ನೋವು ಸಾಕು, ಅವಳಿಂದ ಏನೂ ತಪ್ಪಾಗಿಲ್ಲ ಎಂದು ತೋರಿಸಬೇಕು ಎಂದು. ಆ ಕೋಣೆಗೆ ಮತ್ತೆ ಬಣ್ಣ ಬಳಿಸೋಣ ಎಂದು ಹದಿನೈದು ದಿನದ ಹಿಂದೆ ಫೋನಿನಲ್ಲಿ ಎರಡು ಬಣ್ಣದ ಚಿತ್ರ ಕಳಿಸಿದಳು. ಎರಡೂ ಬಿಳಿ. ಜೊತೆಗೆ ಅವಳ ದನಿ: "ಅಮ್ಮಾ, ಒಂದು ಸ್ವಲ್ಪ ಬೂದಿ ಕಡೆ ಇದೆ, ಇನ್ನೊಂದು ಸುಣ್ಣದ ಥರ. ಯಾವ್ದ್ರಲ್ಲಿ ಮಗು ಬಣ್ಣ ಸರಿಯಾಗ್ ಕಾಣುತ್ತೆ? ನೀನೇ ಹೇಳು. ನಂಗೆ ನನ್ ಕಣ್ ಮೇಲೆ ಧೈರ್ಯ ಇಲ್ಲ."

ಆ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಆಮೇಲಿನಿಂದ ಊಟ ಸೇರುತ್ತಿಲ್ಲ. ಹೇಳಿಬಿಡಬೇಕು ಎಂದು ಬಾಯಿಯೊಳಗೇ ಮಾತು ಜೋಡಿಸಿಕೊಳ್ಳುತ್ತಿದ್ದೇನೆ — ಸದ್ದಿಲ್ಲದೆ, ಬರೀ ತುಟಿಯಲ್ಲಿ. ಕಳೆದ ವಾರ ಶಿವಮೊಗ್ಗಕ್ಕೆ ಹೋಗಿದ್ದಾಗಲೂ ಸೋಫಾದ ಮೂಲೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೆನಂತೆ, ನನಗೆ ಅರಿವಿಲ್ಲ. ಎದುರಿಗೆ ಆದ್ಯಾ ಬಂದು ನಿಂತಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

"ಅಜ್ಜಿ, ಯಾವ ಗೋಡೆ? ಯಾಕೆ ಸುಳ್ಳು ಹೇಳ್ದೆ?"

ಒಳಗೆ ಸ್ಮಿತಾ ಮಿಕ್ಸಿ ಹಾಕಿದ್ದಳು, ಅವಳಿಗೆ ಕೇಳಿಸಲಿಲ್ಲ. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಆದ್ಯಾ ಎರಡೂ ಕೈ ಹಾಕಿ ನನ್ನ ಕೈ ಎಳೆಯತೊಡಗಿದಳು, ಇದೊಂದು ಆಟ ಎಂದುಕೊಂಡು ನಗುತ್ತಿದ್ದಳು. ನಾನೇ ಕಿವಿ ಕಿತ್ತುಕೊಂಡ ಮಗುವಿಗೆ ನನ್ನ ಬಾಯಿಯನ್ನೂ ಕೊಡದೆ ಮುಚ್ಚಿಕೊಂಡು ಕೂತಿದ್ದೆ. ಅಲ್ಲಿಂದ ಬಸ್ಸು ಹತ್ತಿ ಬರುವಾಗ ತೀರ್ಮಾನ ಮಾಡಿದೆ, ಇನ್ನು ಸಾಧ್ಯವಿಲ್ಲ ಎಂದು.

ಭಾನುವಾರ ಸ್ಮಿತಾ ಬರುತ್ತಾಳೆ, ಬಣ್ಣ ಆರಿಸಲು. ನನಗೆ ಈಗಲೂ ಹೆದರಿಕೆ. ಅವಳು ಎದ್ದು ಹೋಗಬಹುದು. ಮೊಮ್ಮಗಳ ಮುಖವನ್ನು ಮತ್ತೆ ತೋರಿಸದೆ ಇರಬಹುದು. ಹುಟ್ಟುವ ಕೂಸನ್ನು ನನ್ನ ಕೈಗೆ ಕೊಡದೆ ಇರಬಹುದು. ಕೊಡಬೇಕು ಎಂದು ನಾನು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ, ಅದು ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತೆ. ಹೆದರಿ ಮಾತು ತಿರುಚಿಬಿಡುತ್ತೇನೋ ಎಂದು, ಹೇಳಬೇಕಾದದ್ದನ್ನು ಇಲ್ಲಿ, ನಿಮ್ಮೆಲ್ಲರ ಎದುರಿಗೆ ಮೊದಲು ಬರೆದಿಟ್ಟಿದ್ದೇನೆ. ಇನ್ನು ಹಿಂದೆ ಸರಿಯಲು ಬರುವುದಿಲ್ಲ.

ಸ್ಮಿತಾ, ಗೋಡೆ ಯಾರಿಗೂ ಮೋಸ ಮಾಡಲಿಲ್ಲ ಕಣೇ. ನೀನು ನೋಡಿದ್ದೆ. ಆ ಮುಚ್ಚಿದ ಕೋಣೆಯಲ್ಲಿ, ಆ ಹಳದಿ ಬಲ್ಬಿನ ಕೆಳಗೆ, ಹಸಿ ಮೈಯಲ್ಲಿ ಎದ್ದು ಕೂತು ನೀನು ಸರಿಯಾಗಿಯೇ ನೋಡಿದ್ದೆ, ನನ್ನನ್ನು ಎರಡು ಸಲ ಕೇಳಿದ್ದೆ. ಹಗಲಿನಲ್ಲಿ ನೋಡಿ ಇಲ್ಲ ಎಂದವಳು ನಾನು. ಎರಡು ಬಿಳಿಯಲ್ಲಿ ಯಾವುದನ್ನಾದರೂ ಬಳಿಸಿಕೋ, ಎಲ್ಲಿ ಬೇಕಾದರೂ ಬಾಣಂತನ ಮಾಡಿಸಿಕೋ. ಕೂಸಿನ ಮೈ ಹಳದಿ ಎಂದು ನಿನ್ನ ಕಣ್ಣಿಗೆ ಕಂಡರೆ ಎತ್ತಿಕೊಂಡು ಓಡು. ಯಾರನ್ನೂ ಕೇಳಬೇಡ. ನನ್ನನ್ನಂತೂ ಕೇಳಲೇಬೇಡ.